ಕಾಲೇಜಿನ ಕ್ವಾರ್ಟರ್‌ಬ್ಯಾಕ್ ಎನ್‌ಎಫ್‌ಎಲ್‌ಗೆ ಸಲ್ಲುವನೇ? ನೋಡಿ ಅಳೆಯುವ ಕ್ರಮ

ಏಪ್ರಿಲ್ ಹತ್ತಿರವಾದಂತೆ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಅಮೆರಿಕದಲ್ಲಿ ನೆಲೆಸಿ, ಶಾಲೆಗೆ ಹೋಗುವ ಮಕ್ಕಳ ಜೊತೆ ಕೂತು ಅಮೆರಿಕನ್ ಫುಟ್‌ಬಾಲ್ ನೋಡಲು ಕಲಿತವರೂ ಕೇಳುತ್ತಾರೆ, ಬೆಂಗಳೂರಿನಲ್ಲಿ ಶುಕ್ರವಾರ ಬೆಳಗಿನ ಐದೂವರೆಗೆ ಎದ್ದು ಡ್ರಾಫ್ಟ್, ಅಂದರೆ ಹೊಸ ಆಟಗಾರರ ಆಯ್ಕೆ ನೋಡುವವರೂ ಕೇಳುತ್ತಾರೆ: ಕಾಲೇಜಿನಲ್ಲಿ ಇಷ್ಟು ಚೆನ್ನಾಗಿ ಆಡಿದ ಹುಡುಗ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ನಿಲ್ಲುತ್ತಾನೆಯೇ ಎಂದು ಮೊದಲೇ ತಿಳಿಯುವುದು ಹೇಗೆ?

ಖಚಿತವಾಗಿ ತಿಳಿಯುವುದಿಲ್ಲ. ಇದನ್ನೇ ಹೊಟ್ಟೆಪಾಡು ಮಾಡಿಕೊಂಡವರೂ ಎಡವುತ್ತಾರೆ. 2000ದ ಡ್ರಾಫ್ಟ್‌ನಲ್ಲಿ ಟಾಮ್ ಬ್ರೇಡಿ ಅವರನ್ನು 198 ಆಟಗಾರರ ನಂತರ ಆರಿಸಿದರು. ಅವರು ಏಳು ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್ ಗೆದ್ದರು. 2007ರಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ಜಮಾರ್ಕಸ್ ರಸೆಲ್ ಅವರನ್ನು ಮೂರೇ ಹಂಗಾಮಿನ ನಂತರ ತಂಡ ಕೈಬಿಟ್ಟಿತು. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆ ಕಟ್ಟಿದವರು ಈ ಆಟ ನೋಡಿರಲಿಲ್ಲ ಎನ್ನಬೇಕು. ಆದರೂ ಕಣ್ಣು ಮುಚ್ಚಿ ಊಹಿಸುವುದಕ್ಕೂ ಒಂದು ಕ್ರಮದಿಂದ ನೋಡುವುದಕ್ಕೂ ಬಹಳ ಅಂತರವಿದೆ. ನಾನು ಅನುಸರಿಸುವ ಕ್ರಮವನ್ನು ಕೆಳಗೆ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲು ಐದು ಪದ ತಿಳಿದಿರಲಿ. ಕ್ವಾರ್ಟರ್‌ಬ್ಯಾಕ್ ಎಂದರೆ ಪ್ರತಿ ಪ್ಲೇಯಲ್ಲಿ, ಅಂದರೆ ಚೆಂಡು ಚಲಿಸಿ ನಿಲ್ಲುವವರೆಗಿನ ಆಟದ ಪ್ರತಿ ತುಂಡಿನಲ್ಲಿ, ಚೆಂಡನ್ನು ಮೊದಲು ಕೈಗೆ ತೆಗೆದುಕೊಂಡು, ಎಸೆಯಬೇಕೇ, ಕೊಡಬೇಕೇ, ತಾನೇ ಓಡಬೇಕೇ ಎಂದು ತೀರ್ಮಾನಿಸುವವನು. ಚೆಂಡು ಕಾಲುಗಳ ನಡುವಿನಿಂದ ಹಿಂದಕ್ಕೆ ಬರುವ ಕ್ಷಣವೇ ಸ್ನ್ಯಾಪ್. ಎಸೆಯುವ ಮೊದಲೇ ಎದುರಾಳಿಗಳು ಅವನನ್ನು ಕೆಡವಿದರೆ ಅದು ಸ್ಯಾಕ್. ಅವನ ಮುಂದೆ ಗೋಡೆಯಂತೆ ನಿಲ್ಲುವ ಐವರ ರಕ್ಷಣೆಯಲ್ಲಿ ಉಂಟಾಗುವ ಪುಟ್ಟ ಜಾಗ ಪಾಕೆಟ್. ಡ್ರಾಫ್ಟ್ ಎಂದರೆ 32 ತಂಡಗಳು ಏಳು ಸುತ್ತುಗಳಲ್ಲಿ ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ವ್ಯವಸ್ಥೆ. ಹಿಂದಿನ ವರ್ಷ ಅತಿ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ. ಇಲ್ಲಿ ಹರಾಜಿಲ್ಲ, ಯಾವ ತಂಡ ಬೇಕೆಂಬ ಆಯ್ಕೆ ಆಟಗಾರನಿಗೂ ಇಲ್ಲ.

ಬೇಕಾದ ಸಾಮಗ್ರಿ ಹೆಚ್ಚಿಲ್ಲ: ಒಂದು ನೋಟ್‌ಬುಕ್, ಮೊಬೈಲಿನ ಸ್ಟಾಪ್‌ವಾಚ್, ನಿಲ್ಲಿಸಿ ಹಿಂದಕ್ಕೆ ಓಡಿಸಬಹುದಾದ ನಾಲ್ಕು ಪೂರ್ಣ ಪಂದ್ಯಗಳ ವಿಡಿಯೊ, ಮತ್ತು ಒಬ್ಬ ಆಟಗಾರನಿಗೆ ಎಂಟು ಗಂಟೆಯಷ್ಟು ಬಿಡುವು.

1. ಎರಡು ಆಟಗಳ ವ್ಯತ್ಯಾಸ ತಿಳಿದುಕೊಳ್ಳಿ

ಕಾಲೇಜು ಫುಟ್‌ಬಾಲ್ ಎನ್‌ಎಫ್‌ಎಲ್‌ನ ಚಿಕ್ಕ ರೂಪವಲ್ಲ. ನಿಯಮಗಳೇ ಬೇರೆ. ಮೈದಾನದ ಮಧ್ಯೆ ಉದ್ದಕ್ಕೂ ಎರಡು ಸಾಲು ಗುರುತುಗಳಿರುತ್ತವೆ, ಅವಕ್ಕೆ ಹ್ಯಾಶ್ ಎನ್ನುತ್ತಾರೆ. ಪ್ರತಿ ಪ್ಲೇ ಅವುಗಳ ಮೇಲೆ ಅಥವಾ ಅವುಗಳ ನಡುವೆಯೇ ಶುರುವಾಗಬೇಕು. ಕಾಲೇಜಿನಲ್ಲಿ ಈ ಸಾಲುಗಳ ನಡುವೆ 40 ಅಡಿ ಅಂತರ, ಎನ್‌ಎಫ್‌ಎಲ್‌ನಲ್ಲಿ ಹದಿನೆಂಟೂವರೆ ಅಡಿ ಮಾತ್ರ. ಹೀಗಾಗಿ ಕಾಲೇಜಿನಲ್ಲಿ ಚೆಂಡು ಆಗಾಗ ಒಂದು ಬದಿಗೆ ಸರಿದಿರುತ್ತದೆ, ಇನ್ನೊಂದು ಬದಿಯಲ್ಲಿ ಬಯಲೇ ತೆರೆದಿರುತ್ತದೆ. ಜಾಣ ಕೋಚ್‌ಗಳು ಆ ಬಯಲಿಗೆ ಸುಲಭದ ಎಸೆತಗಳನ್ನು ಹೆಣೆಯುತ್ತಾರೆ.

ಇನ್ನೊಂದು ನಿಯಮ ಇದಕ್ಕಿಂತ ಮುಖ್ಯ. ಚೆಂಡು ಮುಂದಕ್ಕೆ ಎಸೆಯುವ ಮೊದಲು ಕ್ವಾರ್ಟರ್‌ಬ್ಯಾಕ್‌ನ ಮುಂದೆ ಗೋಡೆಯಂತೆ ನಿಲ್ಲುವ ಐವರು ಕಾಲೇಜಿನಲ್ಲಿ ಮೂರು ಯಾರ್ಡ್ ಮುಂದಕ್ಕೆ ಹೋಗಬಹುದು, ಎನ್‌ಎಫ್‌ಎಲ್‌ನಲ್ಲಿ ಒಂದೇ ಯಾರ್ಡ್. ಆರ್‌ಪಿಒ (ರನ್-ಪಾಸ್ ಆಪ್ಷನ್, ಓಟ ಅಥವಾ ಎಸೆತದ ಆಯ್ಕೆ) ಎಂಬ ತಂತ್ರ ಕಾಲೇಜಿನಲ್ಲಿ ಹುಲುಸಾಗಿ ಬೆಳೆದಿರುವುದಕ್ಕೆ ಇದೊಂದು ಕಾರಣ. ಇದರಲ್ಲಿ ಕ್ವಾರ್ಟರ್‌ಬ್ಯಾಕ್ ಒಬ್ಬ ಎದುರಾಳಿಯನ್ನಷ್ಟೇ ಗಮನಿಸುತ್ತಾನೆ: ಅವನು ಮುಂದೆ ನುಗ್ಗಿದರೆ ಎಸೆತ, ಹಿಂದೆ ಉಳಿದರೆ ಓಟ. ನೋಡಲು ಚುರುಕಾಗಿರುತ್ತದೆ, ಆದರೆ ಮೈದಾನವನ್ನಿಡೀ ಓದುವ ಕೆಲಸ ಅದರಲ್ಲಿಲ್ಲ. ನಿಮ್ಮ ನೋಟ್‌ಬುಕ್ಕಿನಲ್ಲಿ ಇಂಥ ಎಸೆತಗಳನ್ನು ಬೇರೆ ಕಾಲಂಗೆ ಹಾಕಿ. ಒಳ್ಳೆಯದೆಂದೂ ಬರೆಯಬೇಡಿ, ಕೆಟ್ಟದೆಂದೂ ಬರೆಯಬೇಡಿ.

2. ನಾಲ್ಕು ಪಂದ್ಯ ಆರಿಸಿ, ತುಣುಕು ವಿಡಿಯೊ ಬಿಡಿ

ಅತ್ಯುತ್ತಮ ಕ್ಷಣಗಳ ಸಂಕಲನ ಮದುವೆಯ ಆಲ್ಬಂ ಇದ್ದಂತೆ, ಎಲ್ಲರೂ ಚೆಂದವೇ. ನೀವು ನೋಡಬೇಕಾದವು ಇವು: ಆ ವರ್ಷ ಎದುರಿಸಿದ ಅತ್ಯಂತ ಬಲಿಷ್ಠ ರಕ್ಷಣೆಯ ವಿರುದ್ಧದ ಪಂದ್ಯ, ಸೋತ ಒಂದು ಪಂದ್ಯ, ಪರ ಊರಿನಲ್ಲಿ ಅಥವಾ ಮಳೆಗಾಳಿಯಲ್ಲಿ ಆಡಿದ್ದು, ಮತ್ತು ಯಾರೂ ನೆನಪಿಡದ ಒಂದು ಸಾಧಾರಣ ಪಂದ್ಯ. ದುರ್ಬಲ ತಂಡವನ್ನು ಐವತ್ತು ಅಂಕಗಳಿಂದ ಸೋಲಿಸಿದ್ದನ್ನು ನೋಡಿ ಸಮಯ ಕಳೆಯಬೇಡಿ.

ಸೋತ ಪಂದ್ಯ ಏಕೆ ಬೇಕೆಂದು ಕೇಳುವವರಿಗೆ ಒಂದು ಉದಾಹರಣೆ. 2016ರಲ್ಲಿ ಟೆಕ್ಸಸ್ ಟೆಕ್ ತಂಡ ಒಕ್ಲಹೋಮಾ ಎದುರು 66–59ರಿಂದ ಸೋತಿತು. ಸೋತ ತಂಡದ ಪ್ಯಾಟ್ರಿಕ್ ಮಹೋಮ್ಸ್ ಆ ದಿನ ಎಸೆದು ಗಳಿಸಿದ್ದು 734 ಯಾರ್ಡ್. ಆ ವರ್ಷ ಟೆಕ್ಸಸ್ ಟೆಕ್ ಐದು ಗೆದ್ದು ಏಳು ಸೋತಿತು. ಗೆಲುವು ಸೋಲಿನ ಪಟ್ಟಿ ಹಿಡಿದು ಅಳೆದವರು ಮುಂದೆ ಲೀಗ್‌ನ ದೊಡ್ಡ ಹೆಸರಾದ ಮಹೋಮ್ಸ್ ಅವರನ್ನು ಕೆಳಗಿಟ್ಟರು. ಕಾನ್ಸಾಸ್ ಸಿಟಿ ಚೀಫ್ಸ್ 27ನೇ ಸರದಿಯಿಂದ 10ನೇ ಸರದಿಗೆ ಜಿಗಿದು ಅವರನ್ನು ಪಡೆಯಿತು. ಅದೇ ಡ್ರಾಫ್ಟ್‌ನಲ್ಲಿ ಎರಡನೆಯವರಾಗಿ ಆಯ್ಕೆಯಾದ ಕ್ವಾರ್ಟರ್‌ಬ್ಯಾಕ್ ಮಿಚೆಲ್ ಟ್ರುಬಿಸ್ಕಿ.

3. ಒಂದೇ ಪ್ಲೇಯನ್ನು ಮೂರು ಸಲ ನೋಡಿ

ಇಡೀ ಕೆಲಸದ ತಿರುಳು ಈ ಹಂತದಲ್ಲಿದೆ, ಇದಕ್ಕೇ ಹೆಚ್ಚು ಸಮಯ ಕೊಡಿ. ಹೊಸದಾಗಿ ನೋಡುವವರ ಕಣ್ಣು ಚೆಂಡಿನ ಹಿಂದೆಯೇ ಓಡುತ್ತದೆ. ಚೆಂಡು ಕೈಬಿಟ್ಟ ಮೇಲೆ ಕ್ವಾರ್ಟರ್‌ಬ್ಯಾಕ್‌ನ ಕೆಲಸ ಮುಗಿದಿರುತ್ತದೆ. ನಿಮಗೆ ಬೇಕಾದುದು ಅದಕ್ಕೂ ಮೊದಲಿನ ಎರಡೂವರೆ ಸೆಕೆಂಡು.

ಮೊದಲ ಸಲ ಹೆಲ್ಮೆಟ್ ನೋಡಿ. ಸ್ನ್ಯಾಪ್‌ನಿಂದ ಎಸೆತದವರೆಗೆ ಅದು ಒಬ್ಬನೇ ರಿಸೀವರ್ ಕಡೆ, ಅಂದರೆ ಚೆಂಡು ಹಿಡಿಯಲು ಓಡುವ ಒಬ್ಬನ ಕಡೆ ನಟ್ಟಿದ್ದರೆ ‘1’ ಎಂದು ಬರೆಯಿರಿ. ಒಬ್ಬನನ್ನು ನೋಡಿ, ಅವನು ಬಿಡುವಾಗಿಲ್ಲವೆಂದು ಕಂಡು ಎರಡನೆಯವನತ್ತ ತಿರುಗಿ ಎಸೆದರೆ ‘2’, ಮೂರನೆಯವನವರೆಗೆ ಹೋದರೆ ‘3’. ನಾಲ್ಕು ಪಂದ್ಯ ಮುಗಿಯುವ ಹೊತ್ತಿಗೆ ಪುಟದ ತುಂಬ ‘1’ಗಳೇ ಇದ್ದರೆ, ಆ ಹುಡುಗನಿಗೆ ಓದಲು ಬರುವುದಿಲ್ಲವೆಂದಲ್ಲ, ಓದಬೇಕಾದ ಪರೀಕ್ಷೆಯನ್ನು ಅವನಿಗೆ ಯಾರೂ ಕೊಟ್ಟಿಲ್ಲ ಎಂದರ್ಥ. ಈ ಎರಡರ ನಡುವಿನ ಭೇದವನ್ನು ನೋಟ್‌ಬುಕ್ಕಿನಲ್ಲಿ ಕಾಪಾಡಿಕೊಳ್ಳಿ.

ಸ್ನ್ಯಾಪ್‌ಗೆ ಮೊದಲು ಏನು ನಡೆಯುತ್ತದೆ ಎಂಬುದನ್ನೂ ಇದೇ ಸುತ್ತಿನಲ್ಲಿ ಗಮನಿಸಿ. ಅವನು ಕೈ ತೋರಿಸಿ ತನ್ನ ಮುಂದಿನ ಗೋಡೆಯವರನ್ನು ಸರಿಸುತ್ತಾನೆಯೇ? ಎದುರಾಳಿಗಳ ನಿಲುವು ಕಂಡು ಪ್ಲೇ ಬದಲಿಸುತ್ತಾನೆಯೇ? ಅಥವಾ ಇಡೀ ತಂಡ ಒಟ್ಟಾಗಿ ಕತ್ತು ತಿರುಗಿಸಿ ಅಂಚಿನಲ್ಲಿ ನಿಂತ ಕೋಚ್‌ನತ್ತ ನೋಡುತ್ತದೆಯೇ? ಹಾಗೆ ನೋಡುತ್ತಿದ್ದರೆ ಓದುತ್ತಿರುವವರು ಕೋಚ್, ಇವನು ಅಂಚೆಯವನು.

ಎರಡನೆಯ ಸಲ ಪಾದ ನೋಡಿ. ಕಣ್ಣು ಒಬ್ಬನಿಂದ ಇನ್ನೊಬ್ಬನಿಗೆ ಹೋದಂತೆ ಪಾದವೂ ಆ ದಿಕ್ಕಿಗೆ ತಿರುಗಬೇಕು. ಒಬ್ಬ ಎದುರಾಳಿ ಹತ್ತಿರ ಬರುತ್ತಿದ್ದಾಗಲೂ ಮುಂದಿನ ಕಾಲಿನ ಮೇಲೆ ಭಾರ ಹಾಕಿ ಎಸೆಯುವವನನ್ನು ನೆನಪಿಡಿ. ಹೊಡೆತದ ಭಯಕ್ಕೆ ಹಿಂದಿನ ಕಾಲಿಗೆ ವಾಲಿ ಎಸೆಯುವ ಚಾಳಿ ಸುಲಭದಲ್ಲಿ ಬಿಡುವುದಿಲ್ಲ.

ಮೂರನೆಯ ಸಲ ಸ್ಟಾಪ್‌ವಾಚ್ ಹಿಡಿದು ಎಸೆತ ನೋಡಿ. ಸ್ನ್ಯಾಪ್‌ನಿಂದ ಚೆಂಡು ಕೈಬಿಡುವವರೆಗೆ ಎಷ್ಟು ಹೊತ್ತು? ಆಗಾಗ ಮೂರು ಸೆಕೆಂಡ್ ದಾಟುತ್ತಿದ್ದರೆ ಕಾರಣ ಹುಡುಕಿ. ದೂರದ ಎಸೆತಗಳ ತಂಡವಾದರೆ ಸಹಜ. ಹತ್ತಿರದಲ್ಲಿ ಒಬ್ಬ ಬಿಡುವಾಗಿ ನಿಂತಿದ್ದರೂ ಕಾಯುತ್ತಿದ್ದರೆ ತೊಂದರೆ.

ಒಂದು ಎಚ್ಚರಿಕೆ: ಟಿವಿಯ ಕ್ಯಾಮೆರಾ ಚೆಂಡಿನ ಸುತ್ತಲೇ ಇರುತ್ತದೆ, ದೂರ ಓಡಿದ ರಿಸೀವರ್‌ಗಳು ಚಿತ್ರದಿಂದ ಹೊರಗೆ ಹೋಗಿಬಿಡುತ್ತಾರೆ. ಯಾರು ಬಿಡುವಾಗಿದ್ದರು ಎಂದು ಆ ಕೋನದಿಂದ ಹೇಳಲಾಗದು. ತಂಡಗಳು ನೋಡುವ ಎತ್ತರದ ಕೋನದ ಫಿಲ್ಮ್‌ನಲ್ಲಿ ಇಪ್ಪತ್ತೆರಡೂ ಆಟಗಾರರು ಕಾಣುತ್ತಾರೆ. ಅದು ನಿಮಗೆ ಸಿಗದಿದ್ದರೆ ಮರುಪ್ರಸಾರದ ತುಣುಕುಗಳನ್ನು ಕಾಯಿರಿ, ಕಾಣದ್ದನ್ನು ಊಹಿಸಿ ಬರೆಯಬೇಡಿ.

4. ಪಾಕೆಟ್ ಕುಸಿದಾಗ ಏನು ಮಾಡುತ್ತಾನೆ?

ಒತ್ತಡ ಬಂದ ಪ್ಲೇಗಳನ್ನಷ್ಟೇ ಎಣಿಸಿ. ಅವುಗಳಲ್ಲಿ ಎಷ್ಟು ಸ್ಯಾಕ್ ಆದವು? ಐದರಲ್ಲಿ ಒಂದಕ್ಕಿಂತ ಹೆಚ್ಚಾದರೆ ನಾನು ಪಕ್ಕದಲ್ಲಿ ಕೆಂಪು ಗುರುತು ಹಾಕುತ್ತೇನೆ. ಸ್ಯಾಕ್ ಎಂದರೆ ಮುಂದೆ ನಿಲ್ಲುವ ಗೋಡೆಯವರ ತಪ್ಪು ಎಂದು ಅನೇಕರು ತಿಳಿದಿದ್ದಾರೆ. ಅರ್ಧ ಸತ್ಯ. ಚೆಂಡನ್ನು ಬೇಗ ಬಿಡುವವನು ಕಳಪೆ ಗೋಡೆಯ ಹಿಂದೆಯೂ ಕಡಿಮೆ ಸಲ ಬೀಳುತ್ತಾನೆ. ಪವಾಡಕ್ಕೆ ಕಾಯುವವನು ಒಳ್ಳೆಯ ಗೋಡೆಯ ಹಿಂದೆಯೂ ಬೀಳುತ್ತಾನೆ, ಮತ್ತು ಆ ಅಭ್ಯಾಸ ಅವನ ಜೊತೆಗೇ ಹೊಸ ಊರಿಗೆ ಬರುತ್ತದೆ. ಯುಎಸ್‌ಸಿ ಕಾಲೇಜಿನಲ್ಲಿ ಕಾಲೆಬ್ ವಿಲಿಯಮ್ಸ್ ಚೆಂಡನ್ನು ಬಹಳ ಹೊತ್ತು ಹಿಡಿದು, ಸುತ್ತಾಡಿ, ಅಸಾಧ್ಯವೆನಿಸುವ ಎಸೆತಗಳನ್ನು ಮಾಡುತ್ತಿದ್ದರು. 2024ರಲ್ಲಿ ಮೊದಲನೆಯವರಾಗಿ ಆಯ್ಕೆಯಾಗಿ ಷಿಕಾಗೊಗೆ ಹೋದರು; ಮೊದಲ ಹಂಗಾಮಿನಲ್ಲೇ 68 ಸ್ಯಾಕ್. ಷಿಕಾಗೊದ ಗೋಡೆಯೂ ಗಟ್ಟಿಯಾಗಿರಲಿಲ್ಲ ಎಂಬುದನ್ನು ಸೇರಿಸಿಯೇ ಹೇಳಬೇಕು.

ಇಲ್ಲಿ ಬೀಳುವ ಗುಂಡಿ ಎಂದರೆ ಓಡಿ ತಪ್ಪಿಸಿಕೊಳ್ಳುವುದನ್ನೇ ಧೈರ್ಯವೆಂದು ತಿಳಿಯುವುದು. ಕಾಲೇಜಿನಲ್ಲಿ ಅವನು ಎಲ್ಲರಿಗಿಂತ ವೇಗಿ. ಎನ್‌ಎಫ್‌ಎಲ್‌ನಲ್ಲಿ ಅವನನ್ನು ಅಟ್ಟಿಸಿಕೊಂಡು ಬರುವವರೂ ತಮ್ಮ ತಮ್ಮ ಕಾಲೇಜಿನ ಅತಿ ವೇಗಿಗಳೇ. ಪಾಕೆಟ್‌ನೊಳಗೇ ಒಂದೆರಡು ಹೆಜ್ಜೆ ಸರಿದು, ಕಣ್ಣು ಮಾತ್ರ ಮುಂದೆಯೇ ಇಟ್ಟುಕೊಳ್ಳುವವನಿಗೆ ಹೆಚ್ಚು ಅಂಕ ಕೊಡಿ.

5. ನಿಖರತೆಯನ್ನು ಶೇಕಡಾವಾರಿನಲ್ಲಿ ಹುಡುಕಬೇಡಿ

ಎಸೆದ ಚೆಂಡುಗಳಲ್ಲಿ ಎಷ್ಟು ಹಿಡಿತಕ್ಕೆ ಸಿಕ್ಕವು ಎಂಬ ಶೇಕಡಾವಾರು ಎಲ್ಲ ಪತ್ರಿಕೆಯಲ್ಲೂ ಇರುತ್ತದೆ. ಎರಡು ಮಾರು ಪಕ್ಕಕ್ಕೆ ಎಸೆದ ಚೆಂಡೂ ಅದರಲ್ಲಿ ಒಂದೇ, ಇಪ್ಪತ್ತು ಯಾರ್ಡ್ ಮುಂದೆ ಇಬ್ಬರ ನಡುವೆ ತೂರಿಸಿದ ಚೆಂಡೂ ಒಂದೇ. ಆದ್ದರಿಂದ ಪುಟದ ಮೇಲೆ ಮೈದಾನವನ್ನು ಅಡ್ಡಕ್ಕೆ ನಾಲ್ಕು ಪಟ್ಟಿ ಮಾಡಿ: ಪ್ಲೇ ಶುರುವಾಗುವ ಗೆರೆಯ ಹಿಂದೆ, ಹತ್ತು ಯಾರ್ಡ್‌ವರೆಗೆ, ಹತ್ತರಿಂದ ಇಪ್ಪತ್ತು, ಅದರಾಚೆ. ಮೂರನೆಯ ಪಟ್ಟಿಯ ನಡುಭಾಗದಲ್ಲಿ ಎಷ್ಟು ಚುಕ್ಕಿ ಬಿದ್ದಿವೆ ನೋಡಿ. ಎನ್‌ಎಫ್‌ಎಲ್‌ನಲ್ಲಿ ಅನ್ನ ಹುಟ್ಟುವುದು ಅಲ್ಲಿ.

ಹಿಡಿತಕ್ಕೆ ಸಿಕ್ಕಿತೇ ಎಂಬುದರ ಜೊತೆಗೆ, ಹಿಡಿದವನು ಓಟ ನಿಲ್ಲಿಸದೆ ಮುಂದುವರಿದನೇ ಎಂದೂ ಬರೆದುಕೊಳ್ಳಿ. ಬೆನ್ನ ಹಿಂದೆ ಬಂದ ಚೆಂಡಿಗೆ ತಿರುಚಿಕೊಂಡು ಬಿದ್ದು ಹಿಡಿದದ್ದು ರಿಸೀವರ್‌ನ ಸಾಧನೆ.

ಈ ಹಂತ ಬಂದಾಗ ಯಾರಾದರೂ ಜಾಶ್ ಅಲೆನ್ ಹೆಸರು ಎತ್ತುತ್ತಾರೆ. ಹೌದು, ವಯೋಮಿಂಗ್‌ನಲ್ಲಿ ಅವರ ಶೇಕಡಾವಾರು ಸುಮಾರು 56, ಎನ್‌ಎಫ್‌ಎಲ್‌ನ ಮೂರನೇ ಹಂಗಾಮಿನಲ್ಲಿ 69. ಆದರೆ ಒಬ್ಬ ಅಲೆನ್ ಅವರನ್ನು ತೋರಿಸಿ ಪ್ರತಿ ವರ್ಷ ಒಬ್ಬ ನಿಖರತೆಯಿಲ್ಲದ ದೈತ್ಯನನ್ನು ಮೇಲಕ್ಕೆ ತಳ್ಳುವುದು ಲಾಟರಿ ಗೆದ್ದವನ ಫೋಟೊ ಹಾಕಿ ಟಿಕೆಟ್ ಮಾರುವಂತೆ. 2023ರಲ್ಲಿ ಆಂಥನಿ ರಿಚರ್ಡ್‌ಸನ್ 4.43 ಸೆಕೆಂಡಿನಲ್ಲಿ 40 ಯಾರ್ಡ್ ಓಡಿ, ನಲವತ್ತೂವರೆ ಇಂಚು ನೆಗೆದು ನಾಲ್ಕನೆಯವರಾಗಿ ಆಯ್ಕೆಯಾದರು. ಫ್ಲಾರಿಡಾದಲ್ಲಿ 13 ಪಂದ್ಯಗಳಲ್ಲಷ್ಟೇ ಮೊದಲಿನಿಂದ ಆಡಿದ್ದರು. 2024ರಲ್ಲಿ ಅವರ ಎಸೆತಗಳಲ್ಲಿ ಅರ್ಧದಷ್ಟೂ ಹಿಡಿತಕ್ಕೆ ಸಿಗಲಿಲ್ಲ.

6. ಅಂಕಿಅಂಶ ನೋಡಿ, ಆದರೆ ಒಂದೇ ಸೂತ್ರ ಸಾಕು

ನಾನು ಬಳಸುವುದು ಪ್ರತಿ ಎಸೆತಕ್ಕೆ ಹೊಂದಿಸಿದ ಯಾರ್ಡ್ ಎಂಬ ಲೆಕ್ಕ. ಒಟ್ಟು ಯಾರ್ಡ್‌ಗೆ ಪ್ರತಿ ಟಚ್‌ಡೌನ್‌ಗೆ, ಅಂದರೆ ಚೆಂಡು ಎದುರಾಳಿಯ ಕೊನೆಯ ಗೆರೆ ದಾಟಿದ ಎಸೆತಕ್ಕೆ 20 ಕೂಡಿಸಿ, ಎದುರಾಳಿ ಕಸಿದ ಪ್ರತಿ ಎಸೆತಕ್ಕೆ, ಅಂದರೆ ಇಂಟರ್‌ಸೆಪ್ಷನ್‌ಗೆ 45 ಕಳೆದು, ಒಟ್ಟು ಎಸೆತಗಳಿಂದ ಭಾಗಿಸಿ. ಎಲ್‌ಎಸ್‌ಯು ಕಾಲೇಜಿನ ಜೋ ಬರೋ 2019ರಲ್ಲಿ 527 ಎಸೆತಗಳಲ್ಲಿ 5,671 ಯಾರ್ಡ್, 60 ಟಚ್‌ಡೌನ್, 6 ಇಂಟರ್‌ಸೆಪ್ಷನ್. ಲೆಕ್ಕ ಹಾಕಿದರೆ 12.5. ಅದ್ಭುತ. ಅದೇ ಬರೋ, ಅದೇ ಕಾಲೇಜು, 2018ರಲ್ಲಿ: 379 ಎಸೆತ, 2,894 ಯಾರ್ಡ್, 16 ಟಚ್‌ಡೌನ್, 5 ಇಂಟರ್‌ಸೆಪ್ಷನ್. 7.9.

ಒಂದು ವರ್ಷದಲ್ಲಿ ಏನಾಯಿತು? ಎಸೆತದ ಆಟಕ್ಕೆ ಹೊಸ ಕೋಚ್ ಬಂದರು, ರಿಸೀವರ್‌ಗಳನ್ನು ಹರಡಿ ನಿಲ್ಲಿಸುವ ಹೊಸ ಪದ್ಧತಿ ತಂದರು. ಚೆಂಡು ಹಿಡಿಯಲು ಜಸ್ಟಿನ್ ಜೆಫರ್‌ಸನ್ ಮತ್ತು ಜಮಾರ್ ಚೇಸ್ ಇದ್ದರು, ಇಬ್ಬರೂ ಮುಂದೆ ಎನ್‌ಎಫ್‌ಎಲ್‌ನ ದೊಡ್ಡ ಹೆಸರಾದರು. ಬರೋ ಅವರಲ್ಲಿ ಸತ್ವವಿತ್ತು ನಿಜ. ಆದರೆ ಅಂಕಿಗಳು ಆಟಗಾರನನ್ನಷ್ಟೇ ಅಳೆಯುವುದಿಲ್ಲ, ಸುತ್ತಲಿನವರನ್ನೂ ಸೇರಿಸಿ ಅಳೆಯುತ್ತವೆ. ರಣಜಿಯಲ್ಲಿ ಸಪಾಟು ಪಿಚ್ ಮೇಲೆ ಹೊಡೆದ ದ್ವಿಶತಕವನ್ನು ನಾವು ಹೇಗೆ ತೂಗಿ ನೋಡುತ್ತೇವೋ ಹಾಗೆಯೇ ಇದನ್ನೂ ತೂಗಬೇಕು.

ಲೆಕ್ಕದಲ್ಲಿ ಎಡವುವ ಒಂದು ಜಾಗ: ಕಾಲೇಜಿನಲ್ಲಿ ಸ್ಯಾಕ್‌ನಿಂದ ಕಳೆದ ಯಾರ್ಡ್‌ಗಳನ್ನು ಓಟದ ಲೆಕ್ಕದಿಂದ ಕಳೆಯುತ್ತಾರೆ, ಎನ್‌ಎಫ್‌ಎಲ್‌ನಲ್ಲಿ ಹಾಗಲ್ಲ. ಆದ್ದರಿಂದ ಕಾಲೇಜು ಕ್ವಾರ್ಟರ್‌ಬ್ಯಾಕ್‌ನ ಓಟದ ಯಾರ್ಡ್ ಕಡಿಮೆಯಿದೆಯೆಂದು ಅವನಿಗೆ ಓಡಲು ಬಾರದು ಎಂದುಕೊಳ್ಳಬೇಡಿ. ಎಸೆತಗಾರನನ್ನು ಒಂದೇ ಅಂಕಿಯಲ್ಲಿ ಅಳೆಯುವ ಪಾಸರ್ ರೇಟಿಂಗ್‌ನ ಸೂತ್ರಗಳೂ ಎರಡೂ ಕಡೆ ಬೇರೆ. ಒಂದರ ಪಕ್ಕ ಇನ್ನೊಂದನ್ನು ಇಟ್ಟು ಹೋಲಿಸುವುದು ಸೇರನ್ನು ಮೊಳದಿಂದ ಅಳೆದಂತೆ.

7. ಎತ್ತರ, ಅಂಗೈ, ವಯಸ್ಸು, ಅನುಭವ

ಪ್ರತಿ ವರ್ಷ ಫೆಬ್ರವರಿ ಕೊನೆಯ ಹೊತ್ತಿಗೆ ಇಂಡಿಯಾನಾಪೊಲಿಸ್‌ನಲ್ಲಿ ಕಂಬೈನ್ ಎಂಬ ಅಳತೆಯ ಜಾತ್ರೆ ನಡೆಯುತ್ತದೆ. ಓಟ, ನೆಗೆತ, ಅಂಗೈ ಅಗಲ, ವೈದ್ಯಕೀಯ ತಪಾಸಣೆ. ತಂಡಗಳಿಗೆ ನಿಜವಾಗಿ ಬೇಕಾದುದು ಕೊನೆಯದು, ಅದರ ವಿವರ ನಮಗೆ ಸಿಗುವುದಿಲ್ಲ. ಅಂಗೈ ಒಂಬತ್ತು ಇಂಚಿಗಿಂತ ಕಡಿಮೆಯಿದ್ದರೆ ಗದ್ದಲವೇಳುತ್ತದೆ. ಎಂಟೂವರೆ ಇಂಚಿನ ಕೆನ್ನಿ ಪಿಕೆಟ್ 2022ರಲ್ಲಿ ಮೊದಲ ಸುತ್ತಿನಲ್ಲೇ ಆಯ್ಕೆಯಾದರು. ಎತ್ತರದ ವಿಷಯವೂ ಅಷ್ಟೇ. ಆರಡಿಯ ಡ್ರೂ ಬ್ರೀಸ್, ಅದಕ್ಕಿಂತ ಒಂದಿಂಚು ಗಿಡ್ಡವಿರುವ ರಸೆಲ್ ವಿಲ್ಸನ್ ಸೂಪರ್ ಬೌಲ್ ಗೆದ್ದಿದ್ದಾರೆ. ಗಿಡ್ಡ ಆಟಗಾರನಾದರೆ ಮೈದಾನದ ನಡುಭಾಗಕ್ಕೆ ಎಸೆಯುತ್ತಾನೆಯೇ ಎಂದು ನಿಮ್ಮ ಚುಕ್ಕಿಗಳ ಪುಟದಲ್ಲಿ ನೋಡಿ, ಅಷ್ಟು ಸಾಕು.

ಕಾಲೇಜುಗಳೇ ನಡೆಸುವ ಪ್ರೊ ಡೇ ಎಂಬ ಪ್ರದರ್ಶನವನ್ನು ಪೂರ್ತಿ ಮರೆತುಬಿಡಿ. ಎದುರಾಳಿಗಳಿಲ್ಲ, ಎಸೆತಗಳು ಮೊದಲೇ ಅಭ್ಯಾಸ ಮಾಡಿದವು. 2021ರಲ್ಲಿ ಜಾಕ್ ವಿಲ್ಸನ್ ಎಡಕ್ಕೆ ಓಡುತ್ತಾ ಮೈ ತಿರುಚಿ ಎಸೆದ ಒಂದು ದೂರದ ಚೆಂಡು ಊರೆಲ್ಲ ಸುತ್ತಿತು. ನ್ಯೂಯಾರ್ಕ್ ಜೆಟ್ಸ್ ಅವರನ್ನು ಎರಡನೆಯವರಾಗಿ ಆರಿಸಿ, ಮೂರು ಹಂಗಾಮಿನ ನಂತರ ಬೇರೆ ತಂಡಕ್ಕೆ ಕಳಿಸಿತು.

ಅನುಭವಕ್ಕೆ ಮಾತ್ರ ತೂಕ ಕೊಡಿ. ಅದೇ 2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡ ಮೂರನೇ ಸರದಿಗೆ ಏರಲು ಮುಂದಿನ ಎರಡು ವರ್ಷಗಳ ಮೊದಲ ಸುತ್ತಿನ ಸರದಿಗಳನ್ನೂ ಬಿಟ್ಟುಕೊಟ್ಟು ಟ್ರೇ ಲ್ಯಾನ್ಸ್ ಅವರನ್ನು ತಂದಿತು. ಇಡೀ ಕಾಲೇಜು ಜೀವನದಲ್ಲಿ ಅವರು ಎಸೆದದ್ದು 318 ಸಲ, ಅದೂ ಎರಡನೇ ದರ್ಜೆಯ ವಿಭಾಗದಲ್ಲಿ. ಮರುವರ್ಷ ಅದೇ ತಂಡ ಡ್ರಾಫ್ಟ್‌ನ ಕಟ್ಟಕಡೆಯ, 262ನೇ ಆಯ್ಕೆಯಾಗಿ ಬ್ರಾಕ್ ಪರ್ಡಿ ಅವರನ್ನು ಕರೆಯಿತು. ಅಯೋವಾ ಸ್ಟೇಟ್‌ನಲ್ಲಿ ನಾಲ್ಕು ವರ್ಷ ಆಡಿ ಬಂದಿದ್ದ ಅವರೇ ಆ ತಂಡವನ್ನು ಸೂಪರ್ ಬೌಲ್‌ಗೆ ಕೊಂಡೊಯ್ದರು.

ಹಾಗೆಂದು ಅನುಭವವನ್ನು ವಯಸ್ಸಿಲ್ಲದೆ ಓದಬೇಡಿ. 2024ರಲ್ಲಿ ಆಯ್ಕೆಯಾದಾಗ ಬೋ ನಿಕ್ಸ್ ಅವರಿಗೆ 24 ವರ್ಷ, 61 ಪಂದ್ಯಗಳ ಅನುಭವ. ಡ್ರೇಕ್ ಮೇ ಅವರಿಗೆ 21. ಇಪ್ಪತ್ತಮೂರರ ಹುಡುಗ ಹತ್ತೊಂಬತ್ತರ ಹುಡುಗರ ಎದುರು ಮಿಂಚಿದ್ದರೆ ಸ್ವಲ್ಪ ಕಡಿಮೆ ಮಾಡಿಯೇ ನೋಡಬೇಕು.

8. ಏಪ್ರಿಲ್‌ನ ಗಾಳಿಮಾತಿಗೆ ಕಿವಿ ಮುಚ್ಚಿ

ಡ್ರಾಫ್ಟ್‌ಗೆ ಮುಂಚಿನ ವಾರಗಳಲ್ಲಿ ಬರುವ ಸುದ್ದಿಗಳಲ್ಲಿ ಬಹಳಷ್ಟನ್ನು ಯಾರೋ ಒಂದು ಉದ್ದೇಶದಿಂದಲೇ ಹರಿಯಬಿಟ್ಟಿರುತ್ತಾರೆ. ತಮಗೆ ಬೇಕಾದ ಆಟಗಾರ ಕೆಳಗೆ ಜಾರಲಿ ಎಂದು ಅವನನ್ನು ತೆಗಳುವ ತಂಡಗಳೂ ಇರುತ್ತವೆ. 2023ರಲ್ಲಿ ಸಿ. ಜೆ. ಸ್ಟ್ರೌಡ್ ಅವರು ಒಂದು ಗ್ರಹಣಶಕ್ತಿ ಪರೀಕ್ಷೆಯಲ್ಲಿ ತೀರಾ ಕಡಿಮೆ ಅಂಕ ಪಡೆದರೆಂಬ ಸುದ್ದಿ ಸೋರಿತು. ಆ ವರ್ಷವೇ ಅವರು ಆಕ್ರಮಣ ವಿಭಾಗದ ಅತ್ಯುತ್ತಮ ಹೊಸ ಆಟಗಾರ ಪ್ರಶಸ್ತಿ ಪಡೆದರು.

ಯಾರು ಎಷ್ಟನೆಯವನಾಗಿ ಆಯ್ಕೆಯಾದ ಎಂಬುದೂ ಗುಣದ ಅಳತೆಯಲ್ಲ. 2011ರಿಂದ ಹೊಸಬರ ಸಂಬಳಕ್ಕೆ ಮಿತಿಯಿದೆ; ಅಗ್ಗದ ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಸಿಕ್ಕರೆ ಉಳಿದ ಹಣದಲ್ಲಿ ಇಡೀ ತಂಡ ಕಟ್ಟಬಹುದು. ಆ ಆಸೆಗೆ ತಂಡಗಳು ಮುಗಿಬೀಳುತ್ತವೆ. 2024ರಲ್ಲಿ ಮೊದಲ ಹನ್ನೆರಡು ಆಯ್ಕೆಗಳಲ್ಲಿ ಆರು ಮಂದಿ ಕ್ವಾರ್ಟರ್‌ಬ್ಯಾಕ್‌ಗಳು.

9. ಹೋಗಿ ಸೇರುವ ಮನೆ ಯಾವುದು?

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಆಟದಲ್ಲಿ ನೆಲವೂ ಎಷ್ಟೋ ಸಲ ನಿಜವಾಗಿ ಡೊಂಕಾಗಿರುತ್ತದೆ. 2018ರಲ್ಲಿ ಮೊದಲನೆಯವರಾಗಿ ಆಯ್ಕೆಯಾದ ಬೇಕರ್ ಮೇಫೀಲ್ಡ್, ಮೂರನೆಯವರಾಗಿ ಆಯ್ಕೆಯಾದ ಸ್ಯಾಮ್ ಡಾರ್ನಾಲ್ಡ್ ಇಬ್ಬರನ್ನೂ ಅವರವರ ಮೊದಲ ತಂಡ ಸಾಗಹಾಕಿತು. ಮೇಫೀಲ್ಡ್ ನಾಲ್ಕನೆಯ ತಂಡವಾದ ಟ್ಯಾಂಪಾ ಬೇಯಲ್ಲಿ ನೆಲೆ ಕಂಡರು. ಡಾರ್ನಾಲ್ಡ್ ಅವರದೂ ನಾಲ್ಕನೆಯ ತಂಡವೇ: 2024ರಲ್ಲಿ ಮಿನೆಸೋಟಾಗೆ ಆಡಿದಾಗ ಆ ತಂಡ 14 ಪಂದ್ಯ ಗೆದ್ದಿತು. ಮಹೋಮ್ಸ್ ಮೊದಲ ವರ್ಷವೆಲ್ಲ ಹೆಚ್ಚುಕಡಿಮೆ ಬೆಂಚಿನ ಮೇಲೆ ಕೂತು ಕಲಿತರು, ಆರನ್ ರಾಜರ್ಸ್ ಮೂರು ವರ್ಷ.

ಆದ್ದರಿಂದ ಅಂತಿಮ ದರ್ಜೆಯನ್ನು ಎರಡು ಸಲ ಬರೆಯಿರಿ: ಡ್ರಾಫ್ಟ್‌ಗೆ ಹಿಂದಿನ ದಿನ ಒಮ್ಮೆ, ತಂಡ ಗೊತ್ತಾದ ಮೇಲೆ ಇನ್ನೊಮ್ಮೆ. ಎರಡನೆಯ ಸಲ ಮೂರು ಸಂಗತಿ ನೋಡಿ. ಮುಖ್ಯ ಕೋಚ್‌ನ ಕೆಲಸ ಇನ್ನೆರಡು ವರ್ಷವಾದರೂ ಭದ್ರವೇ, ಮುಂದಿನ ಗೋಡೆ ಗಟ್ಟಿಯೇ, ಮತ್ತು ಮೊದಲ ವಾರವೇ ಇವನನ್ನು ಕಣಕ್ಕಿಳಿಸುವ ಅವಸರವಿದೆಯೇ. ಮೊದಲು ಬರೆದುದನ್ನು ಅಳಿಸಬೇಡಿ.

ಪ್ರತಿ ಹೆಸರಿಗೆ ಮೂರೇ ಸಾಲು, ಕೆಳಗೆ ದಿನಾಂಕ: ಇವನು ಚೆನ್ನಾಗಿ ಮಾಡುವುದೇನು, ಇವನನ್ನು ಕೆಡವುವುದೇನು, ನನಗೆ ಕಾಣದೆ ಉಳಿದದ್ದೇನು. ಮೂರು ವರ್ಷದ ನಂತರ ತೆರೆದು ನೋಡಿದರೆ ನಿಮ್ಮ ಕಣ್ಣು ಎಲ್ಲಿ ಮೋಸ ಹೋಗುತ್ತದೆ ಎಂಬುದು ತಿಳಿಯುತ್ತದೆ. ನನ್ನ 2021ರ ಪುಟದಲ್ಲಿ ಜಾಕ್ ವಿಲ್ಸನ್ ಹೆಸರಿನ ಪಕ್ಕ ಎರಡು ನಕ್ಷತ್ರ ಇವೆ, ಮೂರನೆಯ ಸಾಲು ಖಾಲಿ ಇದೆ. ಕಾಲೇಜು ಹಂಗಾಮು ಆಗಸ್ಟ್ ಕೊನೆಯಲ್ಲಿ ಶುರುವಾಗುತ್ತದೆ. ಮೊದಲ ಶನಿವಾರವೇ ಒಬ್ಬನನ್ನು ಆರಿಸಿಕೊಂಡು ಹೆಲ್ಮೆಟ್ ನೋಡುವ ಅಭ್ಯಾಸ ಆರಂಭಿಸಿ.